ಸೀಸೆಗೆ ಸನ್ಮಾನ, ಮಡಕೆಗೆ ಸೆರೆ

ಕೆಂಪು ವೈನಿಗೆ ಕುರಿಯ ಮಾಂಸ, ಬಿಳಿ ವೈನಿಗೆ ಮೀನು: ಬೆಂಗಳೂರಿನಲ್ಲಿ ನಾಗರಿಕನೆನಿಸಿಕೊಳ್ಳಲು ಈಗ ಬಾಯಿಪಾಠ ಮಾಡಿರಬೇಕಾದ ಸೂತ್ರವಿದು. ಅದರಲ್ಲಿಯೂ ಸ್ಪೇನಿನ ರಿಯೋಹ ಪ್ರಾಂತದ ಕೆಂಪು ವೈನಿನ ಮಾತು ಬಂದರೆ ಭಕ್ತರ ದನಿಯೇ ತಗ್ಗುತ್ತದೆ. ಟೆಂಪ್ರಾನಿಯೊ ಎಂಬ ದ್ರಾಕ್ಷಿ ಹೆಚ್ಚು, ಗಾರ್ನಾಚ, ಗ್ರಾಸಿಯಾನೊ, ಮಾಸುವೆಲೊ ಅಷ್ಟಷ್ಟು. ಬೆರಸಿ ಓಕ್ ಮರದ ಪೀಪಾಯಿಯಲ್ಲಿಟ್ಟು ಹದಮಾಡಿದ್ದು. ಒಳ್ಳೆಯ ಪಾನೀಯವೇ ಸರಿ, ಅದರೊಡನೆ ನನಗೆ ಜಗಳವಿಲ್ಲ. ಜಗಳವಿರುವುದು ಅದನ್ನು ಸಂಸ್ಕೃತಿಯೆಂದು ಹೊಗಳಿ, ಅದೇ ಬಾಯಲ್ಲಿ ನಮ್ಮ ಈಚಲ ಹೆಂಡವನ್ನು ಹೊಲಸೆನ್ನುವ ಪಂಡಿತರೊಡನೆ.

ಆ ಸೂತ್ರವಾದರೂ ಏನು? ರಿಯೋಹದ ರೈತನ ಮನೆಯೂಟ, ಅಷ್ಟೆ. ಚಳಿಗಾಲದಲ್ಲಿ ಬಳ್ಳಿ ಸವರುತ್ತಾರೆ. ಆ ಒಣಕಡ್ಡಿ ಉರಿಸಿ ಕೆಂಡದ ಮೇಲೆ ಎಳೆಗುರಿಯ ಪಕ್ಕೆಲುಬು ಸುಡುತ್ತಾರೆ. ಉಪ್ಪು ಬಿಟ್ಟರೆ ಮಸಾಲೆಯಿಲ್ಲ. ಮಾಂಸದ ಕೊಬ್ಬು ವೈನಿನ ಒಗರನ್ನು ತಗ್ಗಿಸುತ್ತದೆ. ಅದೇ ಸೀಸೆಯನ್ನು ಶಿರಾಕ್ಕೆ ತನ್ನಿ. ಇಲ್ಲಿಯೂ ಕುರಿಯುಂಟು, ಆದರೆ ಅದು ಒಣಮೆಣಸಿನಕಾಯಿ ಅರೆದು ಹಾಕಿದ ಸಾರಿನಲ್ಲಿ ಬೆಂದಿದೆ, ಪಕ್ಕದಲ್ಲಿ ಹಬೆಯಾಡುವ ರಾಗಿಮುದ್ದೆ. ನೂರಕ್ಕೆ 13-14ರಷ್ಟು ಮದ್ಯಸಾರವಿರುವ ವೈನು ಖಾರದ ಮೇಲೆ ಬಿದ್ದರೆ ಉರಿ ಹೆಚ್ಚುತ್ತದೆ, ಒಗರು ಇನ್ನಷ್ಟು ಮುಳ್ಳಾಗುತ್ತದೆ. ಸ್ಪೇನಿನವನೇ ಬಂದು ಕುಳಿತರೂ ನೀರಿನ ಚೊಂಬಿಗೆ ಕೈಚಾಚಿಯಾನು.

ಈ ಊಟಕ್ಕೆ ಒಪ್ಪುವುದು ಈ ನೆಲದಲ್ಲಿಯೇ ಇತ್ತು. ಕೊರಟಗೆರೆ, ಮಧುಗಿರಿಗಳ ಜಯಮಂಗಲಿಯ ಮರಳು ದಡ, ಶಿರಾದ ಕೆರೆಯಂಗಳ, ಪಾವಗಡದ ಹಳ್ಳದ ಬದಿ, ಎಲ್ಲಿ ತುಸು ತೇವವೋ ಅಲ್ಲಿ ಈಚಲು. ಗರಿಯ ಬುಡದಲ್ಲಿ ಒಂದು ಪಕ್ಕ ಕೆತ್ತಿ ಸಂಜೆ ಮಡಕೆ ಕಟ್ಟುತ್ತಾರೆ. ಮುಂದಿನ ವರ್ಷ ಎದುರು ಪಕ್ಕ. ಹಾಗಾಗಿ ಹಳೆಯ ಮರದ ಮೈ ಅಂಕುಡೊಂಕು. ವರ್ಷ ಎಣಿಸಬೇಕಾದರೆ ಗಾಯಗಳನ್ನು ಎಣಿಸಿದರಾಯಿತು. ಬೆಳಗಿನ ಜಾವ ಸಿಹಿ, ಬಿಸಿಲೇರಿದಂತೆ ಹುಳಿ, ಮರುದಿನಕ್ಕೆ ಬಾಯಿಗಿಡಲಾಗದು. ಮದ್ಯಸಾರ ವೈನಿನ ಅರ್ಧಕ್ಕಿಂತ ಕಡಮೆ. ತಂಪು, ತುಸು ನೊರೆ, ನಾಲಗೆ ತೊಳೆಯುವ ಹುಳಿ. ಖಾರದ ಸಾರಿಗೆ, ಹುರುಳಿಯ ಗುಗ್ಗರಿಗೆ, ಹುರಿದ ಕಡಲೆಕಾಯಿಗೆ ಇದಕ್ಕಿಂತ ಜೊತೆ ಬೇಕೆ? ಮಧು ಎಂದರೆ ಜೇನೂ ಹೌದು, ಮದ್ಯವೂ ಹೌದು. ಮಧುಗಿರಿಯವರಿಗೆ ನಿಘಂಟು ತೋರಿಸಬೇಕಾಗಿಲ್ಲ.

ಈ ಮರಕ್ಕೆ ಬಂದ ಗತಿ ನೋಡಿ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲುಮರಗಳನ್ನೇ ಕಡಿದರು. ಸರ್ಕಾರದ ಹೆಂಡದ ವರಮಾನಕ್ಕೆ ಕೊಡಲಿ ಹಾಕುವುದು ಅವರ ಉದ್ದೇಶ. ಅದರಲ್ಲಿ ತ್ಯಾಗವಿತ್ತು, ತಲೆಬಾಗುತ್ತೇನೆ. 2004ರಲ್ಲಿ ಕರಾವಳಿಯ ಎರಡು ಜಿಲ್ಲೆ ಬಿಟ್ಟು ಉಳಿದೆಡೆ ಹೆಂಡ ನಿಷೇಧವಾಯಿತು. ಮರವಿಲ್ಲದ ಕಡೆಯೂ ಹೆಂಡ ಹರಿಯುತ್ತಿತ್ತು, ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಮದ್ದು ಕಲಸುತ್ತಿದ್ದರು ಎಂಬ ದೂರು ಸುಳ್ಳಲ್ಲ. ಆದರೆ ಕಲಸಿದವನು ಕಂತ್ರಾಟುದಾರ, ಶಿಕ್ಷೆಯಾದದ್ದು ಮರ ಹತ್ತುವವನಿಗೆ! ಮೂರೇ ವರ್ಷಕ್ಕೆ, 2007ರಲ್ಲಿ, ಅದೇ ಸರ್ಕಾರ ದ್ರಾಕ್ಷಿಯ ವೈನಿಗೆ ಪ್ರೋತ್ಸಾಹದ ನೀತಿ ಹೊರಡಿಸಿತು. ದ್ರಾಕ್ಷಿ ಹುಳಿತರೆ ಕೈಗಾರಿಕೆ, ಈಚಲು ಹುಳಿತರೆ ಅಪರಾಧ. ಪಾವಗಡದವನಿಗಂತೂ ಇದು ತಮಾಷೆಯೇ: ಬಹುಪಾಲು ಆಂಧ್ರವೇ ಸುತ್ತುವರಿದ ತಾಲ್ಲೂಕು, ಗಡಿಯಾಚೆ ಇಳಿಸಿದರೆ ಕಸುಬು, ಈಚೆ ಇಳಿಸಿದರೆ ಮೊಕದ್ದಮೆ.

ಕುಡುಕನ ಹೆಂಡತಿಯ ಕಣ್ಣೀರನ್ನು ಮರೆತಿರಾ ಎಂದು ಕೇಳುವವರುಂಟು. ಮರೆತಿಲ್ಲ. ಪೂರ್ಣ ಪಾನನಿರೋಧ ಬೇಕೆನ್ನುವವರ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಆದರೆ ಬ್ರಾಂದಿ, ವಿಸ್ಕಿಯ ಅಂಗಡಿಗೆ ಪರವಾನಗಿ ಕೊಟ್ಟು, ಅದರ ಸುಂಕದಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಆ ಕಣ್ಣೀರಿನ ಹೆಸರೆತ್ತುವ ಹಕ್ಕಿಲ್ಲ. ಆಕೆಯ ಗಂಡ ಕುಡಿಯುವುದನ್ನು ಬಿಟ್ಟಿಲ್ಲ, ಹೆಚ್ಚು ಬೆಲೆಗೆ ಹೆಚ್ಚು ಕಟುವಾದದ್ದನ್ನು ಕುಡಿಯುತ್ತಿದ್ದಾನೆ.

ರಿಯೋಹದಿಂದ ಕಲಿಯುವುದು ಬೇರೆಯೇ ಇದೆ. ಅಲ್ಲಿ 1925ರಿಂದ ವೈನಿಗೆ ಊರ ಹೆಸರಿನ ರಕ್ಷಣೆಯುಂಟು. ಪರೀಕ್ಷೆಯಾದ ಸೀಸೆಯ ಬೆನ್ನಿಗೆ ಸಂಖ್ಯೆ ಹಾಕಿದ ಚೀಟಿ ಅಂಟಿಸುತ್ತಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮರಕ್ಕೆ ಸಂಖ್ಯೆ ಹಾಕಲಿ. ಇಳಿಸುವವನಿಗೇ ಪರವಾನಗಿ, ನಡುವೆ ಕಂತ್ರಾಟುದಾರ ಬೇಡ. ಮಡಕೆಯನ್ನು ಪರೀಕ್ಷಿಸಲಿ, ಮರದ ಬುಡದಲ್ಲಿ, ಅಂದಂದೇ ಮಾರಾಟ, ಕಲಬೆರಕೆಗೆ ಕಠಿಣ ಶಿಕ್ಷೆ. ಮಾಡುವುದಾದರೆ ಬೇಗ ಮಾಡಬೇಕು. 2004ರಲ್ಲಿ ಮೂವತ್ತರ ಹರೆಯದಲ್ಲಿದ್ದು ಈಚಲು ಕೆತ್ತುತ್ತಿದ್ದವರು ಈಗ ಐವತ್ತು ದಾಟಿದ್ದಾರೆ. ಅವರ ಮಕ್ಕಳಿಗೆ ಕತ್ತಿ ಹಿಡಿಯುವ ಕೋನ ಗೊತ್ತಿಲ್ಲ.