ಕೌದಿಯ ಕಲೆ, ಹಾಸಿನ ಕಲೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಕೌದಿ ಹೊಲಿಯುವುದು ಹಳೆಯ ರೂಢಿ. ಅದನ್ನೇ ನೆರೆಯ ಮರಾಠಿ ಮನೆಗಳಲ್ಲಿ ಗೋಧಡಿ ಎನ್ನುವರು. ಹಳೆಯ ಸೀರೆ ಧೋತರಗಳನ್ನು ಪದರವಾಗಿ ಹಾಸಿ ಕೈಸೂಜಿಯಿಂದ ಹೊಲಿಯುವ ಕೌದಿಗೆ ಇಸ್ತ್ರಿಯ ಅಗತ್ಯ ಅಷ್ಟಾಗಿ ಇಲ್ಲ. ಆದರೆ ಹೊಸ ಬಟ್ಟೆಯ ತುಂಡುಗಳನ್ನು ಅಳತೆಗೆ ಕತ್ತರಿಸಿ ಯಂತ್ರದಲ್ಲಿ ಜೋಡಿಸುವವರು ಪ್ರತಿಯೊಂದು ಹೊಲಿಗೆಯನ್ನೂ ಇಸ್ತ್ರಿಯಿಂದ ಒತ್ತಬೇಕಾಗುತ್ತದೆ; ಇಲ್ಲವಾದರೆ ಮೂಲೆಗೆ ಮೂಲೆ ಕೂಡುವುದಿಲ್ಲ. ಅದಕ್ಕಾಗಿ ಕೆಳಗೆ ಹಾಕುವುದು ದಪ್ಪ ಉಣ್ಣೆಯ ಹಾಸು, ಅಥವಾ ಮಡಿಚಿದ ಹಳೆಯ ಕಂಬಳಿ. ಉಣ್ಣೆಯು ಶಾಖವನ್ನು ಹಿಡಿದಿಟ್ಟು ಕೆಳಗಿನಿಂದಲೂ ಬಟ್ಟೆಯನ್ನು ಕಾಯಿಸುವುದರಿಂದ ಹೊಲಿಗೆ ಚೆನ್ನಾಗಿ ಕೂಡುತ್ತದೆ.

ರಾತ್ರಿ ಕೌದಿಯ ಕೆಂಪು ತುಂಡುಗಳನ್ನು ಒತ್ತಿದ ಹಾಸಿನ ಮೇಲೆಯೇ ಬೆಳಿಗ್ಗೆ ಮಗುವಿನ ಬಿಳಿಯ ಸಮವಸ್ತ್ರಕ್ಕೂ ಇಸ್ತ್ರಿಯಾಗುತ್ತದೆ. ಹಸಿ ಬಟ್ಟೆಗೆ ಬಿಸಿ ತಾಗಿದೊಡನೆ ಬಿಟ್ಟುಕೊಂಡ ಬಣ್ಣ ಉಣ್ಣೆಗೆ ಇಳಿದಿರುತ್ತದೆ. ಮರುದಿನ ಅದು ಅಂಗಿಗೆ ಏರಬಹುದು. ಆದ್ದರಿಂದ ಹಾಸಿನ ಮೇಲೆ ಕಲೆಯಿದೆಯೇ ಎಂಬುದಕ್ಕಿಂತ ಆ ಕಲೆ ಇನ್ನೊಂದು ಬಟ್ಟೆಗೆ ಹತ್ತುವುದೇ ಎಂಬುದು ಮುಖ್ಯ. ಪರೀಕ್ಷೆ ಸುಲಭ. ಬಿಳಿಯ ಹತ್ತಿಬಟ್ಟೆಯ ಚಿಂದಿಯನ್ನು ನೆನೆಸಿ ಹಿಂಡಿ, ಕಲೆಯ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಚಿಂದಿ ಬಿಳಿಯಾಗಿಯೇ ಉಳಿದರೆ ಆ ಕಲೆ ಕಣ್ಣಿಗೆ ಮಾತ್ರ ತೊಂದರೆ. ಬಣ್ಣ ಹತ್ತಿದರೆ ತೊಳೆಯುವುದು ಅವಶ್ಯ.

ತೊಳೆಯುವಾಗ ಒಂದು ಮಾತು ನೆನಪಿರಬೇಕು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುವುದೆಂದು ಮಕ್ಕಳು ವಿಜ್ಞಾನದ ಪಾಠದಲ್ಲಿ ಕಲಿಯುತ್ತಾರೆ. ಎರಡೂ ಒಂದೇ ಬಗೆಯ ಪ್ರೋಟೀನು. ಹತ್ತಿ ತಾಳಿಕೊಳ್ಳುವ ಸೋಡಾ, ಬ್ಲೀಚಿಂಗ್ ಪುಡಿಗಳನ್ನು ಅದು ತಾಳದು. ಎಳೆಗಳು ಕರಗಿ ಸವೆಯುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳ ಮೇಲಿನ ಹುರುಪೆಗಳು ಒಂದರಲ್ಲೊಂದು ಸಿಕ್ಕಿ ಹಾಸು ಕುಗ್ಗುತ್ತದೆ. ಆದ್ದರಿಂದ ಮೊದಲು ಒಣ ಕುಂಚದಿಂದ ಧೂಳು, ದಾರದ ಚೂರು, ಇದ್ದಿಲ ಪೆಟ್ಟಿಗೆಯಾದರೆ ಬೂದಿ, ಎಲ್ಲವನ್ನೂ ತೆಗೆಯಬೇಕು. ಅನಂತರ ತಣ್ಣೀರಿಗೆ ಉಣ್ಣೆಬಟ್ಟೆಯ ಮೃದು ಸಾಬೂನು ದ್ರವದ ಕೆಲವೇ ಹನಿ ಬೆರೆಸಿ, ಬಿಳಿಯ ಬಟ್ಟೆಯಲ್ಲಿ ಅದ್ದಿ, ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತೊತ್ತಿ ಎತ್ತಬೇಕು; ಉಜ್ಜಬಾರದು. ಬಳಿಕ ಬರಿಯ ನೀರಿನಲ್ಲಿ ಹಾಗೆಯೇ ಮಾಡಿ, ಒಣ ಟವೆಲಿನಿಂದ ಅದುಮಿ ನೀರು ಹೀರಿಸಬೇಕು. ಹಿಂಡದೆ, ನೇತುಹಾಕದೆ, ಹಗ್ಗದ ಮಂಚದ ಮೇಲೆ ನೆರಳಿನಲ್ಲಿ ಹಾಸಿ ಒಣಗಿಸುವುದು ಲೇಸು.

ಎಲ್ಲ ಕಲೆಗಳೂ ನೀರಿಗೆ ಬಗ್ಗುವುದಿಲ್ಲ. ಮೇಣದ ಕಲೆಯ ಮೇಲೆ ಒರಟು ಕಾಗದವಿಟ್ಟು ಮಂದ ಬಿಸಿಯ ಇಸ್ತ್ರಿ ಆಡಿಸಿದರೆ ಮೇಣ ಕಾಗದಕ್ಕೆ ಏರುತ್ತದೆ. ಗಂಜಿ ಜಿನುಗಿ ಕಂದಿದ ಕಲೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಮೆತ್ತಗಾಗುತ್ತದೆ. ಆದರೆ ಹಳದಿಗಟ್ಟಿದ ಸುಟ್ಟ ಗುರುತು ಮೇಲೆ ಕುಳಿತ ಕೊಳೆಯಲ್ಲ, ಎಳೆಯೇ ಸುಟ್ಟದ್ದು. ಅದು ತೊಳೆದರೆ ಹೋಗದು. ಮೃದುವಾದ ಕುಂಚದಿಂದ ಮೇಲ್ಪದರವನ್ನು ಕೆದರಿ, ಹಾಸನ್ನು ಮಗುಚಿ ಬಳಸುವುದೇ ದಾರಿ.

ಕಲೆ ತೆಗೆಯುವುದಕ್ಕಿಂತ ತಡೆಯುವುದು ಸುಲಭ. ಹಲವು ಬಾರಿ ತೊಳೆದ ಬಿಳಿಯ ಧೋತರದ ತುಂಡನ್ನು ಹಾಸಿಗೆ ಹೊದಿಕೆಯಾಗಿ ಹಾಕಿದರೆ ಕೊಳೆ ಅದಕ್ಕೇ ತಾಗುತ್ತದೆ; ಅದನ್ನು ಸೋಡಾ ಹಾಕಿ ಕುದಿಸಿದರೂ ಚಿಂತೆಯಿಲ್ಲ. ಕೌದಿಗೊಂದು, ಸಮವಸ್ತ್ರಕ್ಕೊಂದು ಹೊದಿಕೆ ಇರಲಿ. ಕೆಂಪು, ನೀಲಿ ಹೊಸ ಬಟ್ಟೆಗಳನ್ನು ಕತ್ತರಿಸುವ ಮೊದಲೇ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಾಡಿಸಬೇಕು. ಹೊಸ ಕಂಬಳಿಗೆ ನೇಕಾರರು ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ. ಒದ್ದೆಯಾದರೆ ಅದು ಅಂಟಾಗುವುದರಿಂದ ಹೊದಿಕೆಯಿಲ್ಲದೆ ಬಳಸಬಾರದು. ಇಸ್ತ್ರಿಪೆಟ್ಟಿಗೆಯ ತಳವನ್ನೂ ಆಗಾಗ, ತಣ್ಣಗಿರುವಾಗ, ಒರೆಸಬೇಕು.

ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಒದ್ದೆಯೆನಿಸದು. ಕೈಗೆ ಒಣಗಿದೆ ಎನಿಸಿದರೂ ಒಳಗೆ ಹಬೆಯ ನೀರು ಉಳಿದಿರಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ಹಾಸನ್ನು ಮೇಜಿನ ಮೇಲೆಯೇ ಬಿಡದೆ ಗೋಡೆಗೆ ಆನಿಸಿ ಗಾಳಿಗೆ ಒಡ್ಡಬೇಕು. ಇಲ್ಲವಾದರೆ ಮೇಜಿನ ಮೆರುಗೂ ಹಾಳು, ಹಾಸಿಗೂ ಬೂಷ್ಟು.