ತೀರ್ಮಾನ ಉಳಿದರೆ ಸಾಲದು

ದೇವಾಲಯದ ಕಚೇರಿಗೆ ಸುಣ್ಣ ಬಳಿಯುವಾಗ ಮೊದಲು ಹೊರಬೀಳುವುದು ಪಾಲನಾ ಸಮಿತಿಯ ಹಳೆಯ ನಡಾವಳಿ ಪುಸ್ತಕಗಳೇ. "ತೀರ್ಮಾನಗಳೆಲ್ಲ ಜಾರಿಯಾಗಿವೆ, ಹಳೆಯ ಜಗಳ ಯಾರಿಗೆ ಬೇಕು?" ಎಂದು ಅವನ್ನು ರದ್ದಿಗೆ ಹಾಕುವವರ ಮಾತನ್ನು ಒಪ್ಪಲಾಗದು.

ಇಂಥ ನಷ್ಟವೇನೆಂಬುದನ್ನು ನಮ್ಮ ಜಿಲ್ಲೆಯ ಕಲ್ಲುಗಳೇ ಕಲಿಸುತ್ತವೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟದಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲೇ ಹುಟ್ಟಿದ ಈ ಮಿಷನರಿಯ ಮಗ ಅಂದು ಪ್ರತಿ ಮಾಡಿಸಿದ್ದರಿಂದ, ಆಮೇಲೆ ಕಾಣೆಯಾದ ಕಲ್ಲುಗಳ ಮಾತೂ ಉಳಿದಿದೆ. ಆದರೆ ಅವು ಬಹುಮಟ್ಟಿಗೆ ಹೇಳುವುದು ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು ಎಂಬುದನ್ನಷ್ಟೇ. ಊರು ಹೇಗೆ ವಾದಿಸಿತು, ಯಾರು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂಬುದು ಕಲ್ಲನ್ನೇರಲಿಲ್ಲ.

ಕಾಗದವಿರುವ ನಾವೂ ಅದನ್ನೇ ಕಳೆದುಕೊಳ್ಳಬೇಕೆ? ಸ್ಮಶಾನದ ಬೇಲಿ, ಶಾಲೆಯ ಮಾಧ್ಯಮ, ಪೂಜೆಯ ಭಾಷೆ: ಈ ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಹಿರಿಯರ ವಾದ ಕೈಯಲ್ಲಿಲ್ಲದಿದ್ದರೆ ಮಕ್ಕಳು ಮೊದಲಿನಿಂದ ಕಾದಾಡಬೇಕು. ಅಂದು ಸೋತವರ ನ್ಯಾಯವಾದ ಮಾತಂತೂ ಎರಡನೆಯ ಸಲ ಸೋಲುತ್ತದೆ.

ಸಂತ ಲೂಕರು ಜೆರುಸಲೇಮಿನ ಸಭೆಯ ತೀರ್ಮಾನವನ್ನಷ್ಟೇ ಬರೆಯಲಿಲ್ಲ. ಅದಕ್ಕೆ ಮುಂಚಿನ ಬಿರುಸಾದ ಚರ್ಚೆಯನ್ನೂ, ಆನಂತರ ಪೌಲ, ಬಾರ್ನಬರ ನಡುವೆ ಎದ್ದ ಭಿನ್ನಾಭಿಪ್ರಾಯವನ್ನೂ ಬರೆದಿಟ್ಟರು. 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೇ ವಿಧಿಯೂ ಪ್ರತಿ ಧರ್ಮಕೇಂದ್ರದಲ್ಲಿ ದಾಖಲೆಗಳ ಭಂಡಾರವಿರಬೇಕೆನ್ನುತ್ತದೆ. ದೀಕ್ಷಾಸ್ನಾನದ ಪುಸ್ತಕವನ್ನು ಬೀಗ ಹಾಕಿ ಕಾಯುವ ನಾವು, ಅದರ ಪಕ್ಕದಲ್ಲೇ ನಡಾವಳಿ ಪುಸ್ತಕಕ್ಕೂ ಜಾಗ ಕೊಡೋಣ.