ಸಾಕ್ಷಿ ಎಂದರೆ ಬರೀ ಸಹಿಯಲ್ಲ

ಮನೆಯ ಹಿರಿಯರು ಮೃತ್ಯುಪತ್ರ ಬರೆಸಿ, ಹಾಸಿಗೆಯಲ್ಲೇ ಹೆಬ್ಬೆಟ್ಟು ಒತ್ತುತ್ತಾರೆ. ಮರುದಿನ ಮಗ ಆ ಕಾಗದ ಹಿಡಿದು ಪರಿಚಿತರಿಬ್ಬರ ಮನೆಗೆ ಹೋಗುತ್ತಾನೆ. ‘ಇಲ್ಲೊಂದು ಸಹಿ ಹಾಕ್ರಿ’ ಎಂದರೆ ದಾಕ್ಷಿಣ್ಯಕ್ಕೆ ಅವರೂ ಹಾಕುತ್ತಾರೆ. ಇದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಆದರೆ ಹಿರಿಯರ ಕೊನೆಯ ಇಚ್ಛೆ ನ್ಯಾಯಾಲಯದಲ್ಲಿ ಸೋಲುವುದು ಇಂಥಲ್ಲಿಯೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಸ್ಪಷ್ಟವಾಗಿದೆ. ಬರೆಸಿದವರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ಕಣ್ಣಾರೆ ಕಂಡಿರಬೇಕು. ಅಥವಾ ‘ಇದು ನನ್ನದೇ’ ಎಂದು ಅವರೇ ಒಪ್ಪಿ ಹೇಳಿದ್ದನ್ನು ಕೇಳಿರಬೇಕು. ಸಾಕ್ಷಿಗಳಿಬ್ಬರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಆದರೆ ಪ್ರತಿಯೊಬ್ಬರೂ ಬರೆಸಿದವರ ಎದುರಿನಲ್ಲಿಯೇ ಸಹಿ ಮಾಡಬೇಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನೋಂದಣಿ ಮಾಡಿಸುವುದು ಒಳ್ಳೆಯದೇ, ಆದರೆ ಅದರಿಂದ ಸಾಕ್ಷಿಯ ಹೊಣೆ ಕಳೆಯದು. ವ್ಯಾಜ್ಯ ಬಂದಾಗ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳಬೇಕಾಗುತ್ತದೆ. ಆದ್ದರಿಂದ ಬರೆಸಿದವರಿಗಿಂತ ಕಿರಿಯರು, ಆಸ್ತಿಯಲ್ಲಿ ಪಾಲಿಲ್ಲದವರು ಸಾಕ್ಷಿಯಾಗುವುದು ಲೇಸು.

ಪತ್ರದ ಒಳಗೇನಿದೆ ಎಂದು ಸಾಕ್ಷಿ ಓದಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಮನಸ್ಸಾಕ್ಷಿ ಹೇಳುತ್ತದೆ. ‘ಯವ್ವಾ, ಇದರಾಗ ಏನು ಬರದೈತಿ ಅಂತ ನಿಮಗ ಗೊತ್ತೈತೇನು? ಓದಿ ಹೇಳ್ಯಾರೇನು?’ ಎಂದು ಕೇಳಲು ಎಷ್ಟು ಹೊತ್ತು ಬೇಕು? ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಂದೆ ಮೃತ್ಯುಪತ್ರ ಬರೆಯಬಹುದಾದದ್ದು ಸ್ವಯಾರ್ಜಿತಕ್ಕೆ ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ, ಮಗಳ ಪಾಲಿಗಲ್ಲ. ಅವಳನ್ನು ಹೊರಗಿಡಲೆಂದೇ ಹುಟ್ಟಿದ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ, ಸಭೆಯಲ್ಲಿ ಹೆಣ್ಣು-ಗಂಡಿನ ಸಮಾನತೆ ಮಾತಾಡಿದರೆ ನಮ್ಮ ನುಡಿಗೂ ನಡೆಗೂ ಏನು ಸಂಬಂಧ?

ಮಠಗಳಿಗೂ ಒಂದು ಬಿನ್ನಹ. ದಾಸೋಹಕ್ಕೆಂದು ಭಕ್ತರು ಆಸ್ತಿ ಬರೆದುಕೊಡುವಾಗ ಮಠದ ಸಿಬ್ಬಂದಿ ಸಾಕ್ಷಿ ಹಾಕದಿರಲಿ. ಭಕ್ತಿಯಿಂದ ಕೊಟ್ಟದ್ದು ಸಂಶಯಕ್ಕೆ ಎಡೆಯಾಗಬಾರದು. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಒಮ್ಮೆಯಾದರೂ ವಕೀಲರನ್ನು ಕರೆಸಿ ಈ ವಿಷಯ ತಿಳಿಸಲಿ.

ಕಾಣದ್ದಕ್ಕೆ ಸಹಿ ಹಾಕುವುದು ಉಪಕಾರವಲ್ಲ, ಸುಳ್ಳು. ಇನ್ನು ಮುಂದೆ ಯಾರಾದರೂ ಕಾಗದ ತಂದರೆ, ‘ನಡೀರಿ, ಅವರ ಎದುರಿಗೇ ಹಾಕ್ತೀನಿ’ ಎನ್ನೋಣ.